ಕೆಂಚಿಯ ಮಂಡಿ

ಆಗೆಲ್ಲ ಡಾಕ್ಟರು ಬಂದರೆಂದು ಹಳ್ಳಿಯವರಿಗೆ ತಿಳಿಯುತ್ತಿದ್ದುದು ಗೊರಸಿನ ಸದ್ದಿನಿಂದ. ಯುದ್ಧ ನಡೆಯುತ್ತಿದ್ದ ವರ್ಷಗಳು. ಪೆಟ್ರೋಲು ಸಿಗುತ್ತಿರಲಿಲ್ಲ. ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ಬಸ್ಸು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಏರು ಬಂದಲ್ಲಿ ಜನರನ್ನು ಇಳಿಸಿ ನಡೆಸಿ, ಹೇಗೋ ಹೋಗಿ ಸೇರುತ್ತಿತ್ತು. ಸೀಮೆಎಣ್ಣೆಗೆ ಚೀಟಿ, ಸಕ್ಕರೆಗೆ ಚೀಟಿ, ಬಟ್ಟೆಗೆ ಚೀಟಿ. ನನ್ನ ಓರಗೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಪೇಟೆ ಬೀದಿಯಲ್ಲಿ ಸಣ್ಣದೊಂದು ಔಷಧದ ಅಂಗಡಿ ಇಟ್ಟುಕೊಂಡಿದ್ದ ಎಲ್.ಎಂ.ಪಿ. ಡಾಕ್ಟರು. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಒಂದೊಂದು ಹಲ್ಲಿಗೆ ಒಂದೊಂದು ಡೋಸು ಎಂದು ಮಿಕ್ಸ್ಚರ್ ಬಾಟಲಿಗೆ ಅಂಟಿಸುವುದು ನನ್ನ ಕೆಲಸ. ಅಪ್ಪ ಮಿತಭಾಷಿ. ಆದರೆ ಆ ಅಂಗಡಿಯಲ್ಲಿ, ಟಿಂಕ್ಚರಿನ ಮತ್ತು ಲವಂಗದೆಣ್ಣೆಯ ವಾಸನೆಯ ನಡುವೆ, ನನ್ನೊಂದಿಗೆ ಅಷ್ಟಿಷ್ಟು ಮಾತಾಡುತ್ತಿದ್ದರು. ಈ ರೋಗಿಗೆ ಏನು, ಆ ಪುಡಿ ಯಾಕೆ ಎಂದೆಲ್ಲ ಹೇಳುತ್ತಿದ್ದರು. ನನಗೆ ಆಗ ಹತ್ತು ವರ್ಷ.

ಅರಕಲಗೂಡಿನ ಕಡೆಯ ಹಳ್ಳಿಗಳಿಂದ ಅಪ್ಪನಿಗೆ ಕರೆ ಬರುತ್ತಿತ್ತು. ಗಾಡಿ ದಾರಿಯಲ್ಲಿ ಹೋದರೆ ದೊಡ್ಡ ಸುತ್ತು. ಹೊಲದ ಮೇಲೆ, ನಾಲೆ ದಾಟಿಕೊಂಡು ಹೋದರೆ ಅರ್ಧ ದಾರಿ ಉಳಿಯುತ್ತಿತ್ತು. ಆ ದಾರಿಯಲ್ಲಿ ಗಾಡಿಯೂ ಹೋಗದು, ಸೈಕಲ್ಲೂ ಹೋಗದು. ಅದಕ್ಕೇ ಅಪ್ಪ ಚನ್ನರಾಯಪಟ್ಟಣದಿಂದ ಒಂದು ಹೆಣ್ಣುಕುದುರೆ ತಂದರು. ಅದು ಅಲ್ಲಿಂದ ಶ್ರವಣಬೆಳಗೊಳಕ್ಕೆ ಯಾತ್ರಿಕರ ಜಟಕಾ ಎಳೆಯುತ್ತಿದ್ದ ಕುದುರೆ. ಕೆಂಪು ಮೈ, ಹಣೆಯಲ್ಲಿ ಬೆರಳಗಲ ಬಿಳುಪು. ನಾವು ಅದನ್ನು ಕೆಂಚಿ ಎಂದು ಕರೆದೆವು.

ಕೆಂಚಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಕಚ್ಚುತ್ತಿರಲಿಲ್ಲ, ಒದೆಯುತ್ತಿರಲಿಲ್ಲ. ಆದರೆ ಎಡವುತ್ತಿತ್ತು. ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಹೋಗುವುದು, ಬದು ಸಿಕ್ಕಿದರೆ ಸಾಕು, ಮುಂಗಾಲು ತಗುಲಿಸಿಕೊಂಡು ಮುಗ್ಗರಿಸುವುದು. ಅಪ್ಪ ಒಮ್ಮೆ ಬಿದ್ದು ಮೈ ತರಚಿಕೊಂಡು ಬಂದರು. ಸಂಕ್ರಾಂತಿಯ ಮಾರನೆಯ ದಿನ ನಾಲೆಯ ಏರಿ ಇಳಿಯುವಾಗ ಮತ್ತೆ ಬಿದ್ದರು. ಆ ಸಲ ಬಲಗಡೆಯ ಹೆಗಲೆಲುಬು ಮುರಿಯಿತು. ಅದೇ ಕೈಯಿಂದ ಬೇರೆಯವರ ಮೂಳೆ ಕೂರಿಸುತ್ತಿದ್ದವರು, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಜಗಲಿಯ ಮೇಲೆ ಕುಳಿತರು.

“ಮಾರ್ಬುಡಿ ಇದನ್ನ. ಇದು ನಮ್ಮನೆಗಾಗೋ ಪ್ರಾಣಿ ಅಲ್ಲ,” ಎಂದರು ಅಮ್ಮ.

ಅಪ್ಪ ಎಡಗೈಯಿಂದ ಕೊರಳ ಗಂಟನ್ನು ಸರಿಮಾಡಿಕೊಂಡರು.

ಆ ವಾರವೇ ದಫೇದಾರ್ ತುಕೋಜಿರಾಯರು ಬಂದರು. ಮಹಾರಾಜರ ಕುದುರೆ ದಂಡಿನಲ್ಲಿ ಇಪ್ಪತ್ತು ವರ್ಷ ಇದ್ದು, ಹಿಂದಿನ ಯುದ್ಧಕ್ಕೆ ಸಮುದ್ರ ದಾಟಿ ಹೋಗಿ ಬಂದು, ಈಗ ನಮ್ಮ ಬೀದಿಯ ಕೊನೆಯಲ್ಲಿ ಮಗಳ ಮನೆಯಲ್ಲಿ ಇದ್ದವರು. ದೊಡ್ಡ ಆಳು, ದೊಡ್ಡ ಹೊಟ್ಟೆ, ಜೊತೆಗೆ ಉಬ್ಬಸ. ಆ ಉಬ್ಬಸಕ್ಕೆ ಔಷಧ ಕೊಡುತ್ತಿದ್ದವರು ಅಪ್ಪ. ರಾಯರು ನೇರವಾಗಿ ಕೊಟ್ಟಿಗೆಗೆ ಹೋಗಿ, ಕೆಂಚಿಯನ್ನು ಹೊರಗೆ ತಂದು, ಹೋಗಿ ಬರುವಂತೆ ಎರಡು ಸಲ ನಡೆಸಿ ನೋಡಿದರು.

“ಕುದ್ರೆ ಕೆಟ್ಟದ್ದಲ್ಲ ಡಾಕ್ಟ್ರೇ. ಗಾಡಿ ಎಳ್ದೂ ಎಳ್ದೂ ಮೈಭಾರ ಎಲ್ಲಾನೂ ಮುಂಗಾಲ್ ಮ್ಯಾಲೆ ಆಕ್ಕೊಂಡದೆ. ಗಾಡಿಗೆ ಅದು ಸರಿ. ಬೆನ್ ಮ್ಯಾಲೊಬ್ರು ಕುಂತ್ರೆ ಆ ಭಾರಾನೂ ಮುಂದಕ್ಕೇ ಓಯ್ತದೆ. ಅದ್ಕೇ ಎಡವೋದು.”

“ಅದಕ್ಕೇನು ಔಷಧಿ?” ಎಂದರು ಅಪ್ಪ.

“ಬೊಂಬು ಎಗರ್ಸೋದು. ಎಗರ್ಬೇಕು ಅಂದ್ರೆ ಹಿಂಗಾಲ್ನ ಹೊಟ್ಟೆ ಕೆಳಕ್ಕೆ ತಂದೇ ತರ್ಬೇಕು, ಬ್ಯಾರೆ ದಾರಿ ಇಲ್ಲ. ದಿನಾ ಅಂಗೇ ಮಾಡ್ತಾ ಮಾಡ್ತಾ ಭಾರ ಹಿಂದಕ್ಕೆ ಓಯ್ತದೆ. ಇದು ಎಗರೋದು ಕಲ್ಸೋಕಲ್ಲ, ನಡ್ಯೋದು ಕಲ್ಸೋಕೆ.”

ಆದರೆ ಒಂದು ತೊಡಕಿತ್ತು. ಕಲಿಯುವ ಕುದುರೆಯ ಮೇಲೆ ಹಗುರವಾದವರು ಕೂರಬೇಕು. ರಾಯರು ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, ಆಮೇಲೆ ಜಗಲಿಯ ಕಂಬಕ್ಕೊರಗಿ ಹುರಿಗಡಲೆ ತಿನ್ನುತ್ತಿದ್ದ ನನ್ನನ್ನು ನೋಡಿದರು.

“ಈ ಅಮ್ಮಣ್ಣಿ ಆದೀತು.”

ಅಮ್ಮ ಒಳಗಿನಿಂದ ಬಂದರು. “ಹೆಣ್ ಮಗೂನ ಕುದ್ರೆ ಮೇಲೆ ಕೂರ್ಸೋದಾ? ಕೈಯೋ ಕಾಲೋ ಮುರ್ಕೊಂಡ್ರೆ?”

“ಮುರಿದ್ರೆ ಕಟ್ಟೋದು ನಂಗೆ ಗೊತ್ತು,” ಎಂದರು ಅಪ್ಪ.

ಅಮ್ಮ ಅವರ ಕೊರಳಿಗೆ ತೂಗಿದ್ದ ಸೀರೆಯ ತುಂಡನ್ನು ನೋಡಿ ಒಳಗೆ ಹೋದರು. ಆದರೆ ಎರಡು ದಿನದಲ್ಲಿ ಅಪ್ಪನ ಹಳೆಯ ಪೈಜಾಮ ಕತ್ತರಿಸಿ ನನ್ನ ಅಳತೆಗೆ ಹೊಲಿದುಕೊಟ್ಟವರೂ ಅವರೇ.

ಮನೆಯ ಹಿಂದೆ ನಮ್ಮ ರಾಗಿ ಹೊಲ. ಕಟಾವು ಮುಗಿದು ಕೂಳೆ ಉಳಿದಿತ್ತು. ಅದರ ನಡುವೆ ಒಂದಿಷ್ಟು ಜಾಗವನ್ನು ರಾಯರು ಹಸನು ಮಾಡಿಸಿ, ಸುಣ್ಣ ಬಳಿದ ನಾಲ್ಕು ಬೊಂಬುಗಳನ್ನು ನೆಲದ ಮೇಲೆ ಸಾಲಾಗಿ ಮಲಗಿಸಿದರು. ತಮ್ಮ ಪಾದದಿಂದ ಅಳೆದು ಅಳೆದು ಇಟ್ಟರು. ದಿನಾ ಬೆಳಿಗ್ಗೆ ಬಿಸಿಲು ಏರುವ ಮುಂಚೆ ನಮ್ಮ ಪಾಠ. ಮೊದಲ ವಾರ ನಾನು ಕುಳಿತೇ ಇರಲಿಲ್ಲ. ರಾಯರು ಉದ್ದ ಹಗ್ಗ ಹಿಡಿದು ನಡುವೆ ನಿಂತು ಕೆಂಚಿಯನ್ನು ಸುತ್ತಲೂ ಓಡಿಸುವುದು, ಅದು ಪ್ರತಿ ಸುತ್ತಿನಲ್ಲೂ ಬೊಂಬುಗಳನ್ನು ಕಾಲಿಂದ ಎತ್ತಿ ಒಗೆಯುವುದು, ನಾನು ಓಡಿಹೋಗಿ ಅವನ್ನು ಮತ್ತೆ ಜೋಡಿಸುವುದು. ದಿನ ಕಳೆದಂತೆ ಟಕಟಕ ಸದ್ದು ಕಡಿಮೆಯಾಯಿತು. ಒಂದು ದಿನ ಕೆಂಚಿ ತಲೆ ತಗ್ಗಿಸಿ, ನಾಲ್ಕು ಬೊಂಬನ್ನೂ ನೋಡಿಕೊಂಡು, ಒಂದಕ್ಕೂ ಕಾಲು ತಾಗಿಸದೆ ದಾಟಿತು. ರಾಯರು “ಶಾಭಾಸ್” ಎಂದು ನನ್ನ ಬೆನ್ನು ತಟ್ಟಿದರು. ನಾನೇನೂ ಮಾಡಿರಲಿಲ್ಲ.

ಆಮೇಲೆ ನನ್ನನ್ನು ಕೂರಿಸಿದರು. ಜೀನು ಇಲ್ಲ, ಮಡಿಸಿದ ಕಂಬಳಿ, ಅದರ ಮೇಲೊಂದು ಪಟ್ಟಿ. ಲಗಾಮನ್ನು ಗಂಟು ಹಾಕಿ ಕತ್ತಿನ ಮೇಲೆ ಬಿಟ್ಟುಬಿಟ್ಟಿದ್ದರು. ನನ್ನ ಕೈಗೆ ಸಿಕ್ಕಿದ್ದು ಜೂಲು ಮಾತ್ರ.

“ಲಗಾಮು ಹಿಡ್ಕೊಳ್ಲಾ?”

“ಬ್ಯಾಡ. ನೀನು ಗೋಡೆ ಮ್ಯಾಲೆ ನಡೀವಾಗ ಕೈ ಯಾಕೆ ಅಗಲಿಸ್ತೀಯ? ಬೀಳ್ದೆ ಇರ್ಲಿ ಅಂತ. ಕುದ್ರೆಗೆ ಕೈ ಇಲ್ಲ, ಕತ್ತೇ ಅದ್ರ ಕೈ. ನೀನು ಬಾಯಿ ಎಳುದ್ರೆ ಅದು ಕತ್ತು ಚಾಚೋದೆಂಗೆ? ಕಣ್ಣು ಮುಂದೆ ಇಡು. ಆ ಹೊಂಗೆ ಮರ ನೋಡು, ಬೊಂಬು ನೋಡ್ಬ್ಯಾಡ. ಬೊಂಬು ನೋಡೋ ಕೆಲ್ಸ ಅದ್ರದ್ದು.”

ಬೊಂಬುಗಳು ನಿಧಾನವಾಗಿ ನೆಲ ಬಿಟ್ಟವು. ಮೊದಲು ಇಟ್ಟಿಗೆಯ ಮೇಲೆ, ಆಮೇಲೆ ಸೀಮೆಎಣ್ಣೆ ಡಬ್ಬದ ಮೇಲೆ. ಒಂದು ಗೇಣು, ಒಂದೂವರೆ ಗೇಣು. ಒಂದನ್ನು ಹಾರಿ, ನೆಲ ಮುಟ್ಟಿ, ಒಂದೇ ಹೆಜ್ಜೆ ಹಾಕಿ ಮತ್ತೊಂದನ್ನು ಹಾರುವುದು. ಹಾರಿದ ಕೂಡಲೇ ನಿಲ್ಲುವುದು. ತಿರುವಿನಲ್ಲಿ ಹಾರುವುದು. ಬಲಕ್ಕೆ ಎಷ್ಟೋ ಎಡಕ್ಕೂ ಅಷ್ಟೇ. ನನ್ನ ತೊಡೆಯ ಕೆಳಗೆ ಕೆಂಚಿಯ ಬೆನ್ನು ಬದಲಾಗುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಮೊದಮೊದಲು ಇಳಿಜಾರಿನಲ್ಲಿ ಕುಳಿತಂತಿರುತ್ತಿತ್ತು. ಆಮೇಲಾಮೇಲೆ ಮುಂಭಾಗ ಹಗುರವಾಗಿ ಮೇಲೆದ್ದು, ಹಿಂದಿನಿಂದ ಯಾರೋ ಮೆಲ್ಲಗೆ ನೂಕಿದಂತೆ ಆಗುತ್ತಿತ್ತು. ಮೂರು ಸಲ ಬಿದ್ದೆ. ಕೂಳೆ ಚುಚ್ಚಿತು, ಅಷ್ಟೆ.

ಪಾಠ ಮುಗಿದ ಮೇಲೆ ರಾಯರು ಉಪ್ಪು ಹಾಕಿ ಬೇಯಿಸಿದ ಹುರುಳಿಯನ್ನು ಕೆಂಚಿಗೆ ಇಡುತ್ತಿದ್ದರು. ಮೊದಲ ಹಿಡಿ ನನಗೆ. ಬಿಸಿ ಹುರುಳಿ, ಕುದುರೆಯ ಬೆವರು, ಇಬ್ಬನಿ ಆರುತ್ತಿರುವ ಕೂಳೆ, ಮೂರೂ ಸೇರಿದ ಒಂದು ವಾಸನೆ ಇತ್ತು. ಸ್ಕೂಲಿಗೆ ಹೋದರೆ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಬೇಸರವಾಗುತ್ತಿರಲಿಲ್ಲ. ಬಿಡುವಿನಲ್ಲಿ ಕುಂಟೆಬಿಲ್ಲೆ ಆಡುವಾಗಲೂ ನಾನು ಕೆಂಚಿಯ ಹಾಗೇ ಹೆಜ್ಜೆ ಎಣಿಸುತ್ತಿದ್ದೆ.

ಅಪ್ಪ ಮಾತ್ರ ಹೊಲಕ್ಕೆ ಬರುತ್ತಿರಲಿಲ್ಲ. ಸಂಜೆ ಕೆಲವೊಮ್ಮೆ ಕೊಟ್ಟಿಗೆಯ ಬಾಗಿಲವರೆಗೆ ಬಂದು ನಿಂತು ಹೋಗುತ್ತಿದ್ದರು. ಕೆಂಚಿ ಕತ್ತು ಚಾಚಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕೈ ನೋವಿರಬೇಕು ಎಂದುಕೊಂಡಿದ್ದೆ.

ಆರು ವಾರ ಕಳೆದು ಅವರ ಕೈ ಕೊರಳಿನಿಂದ ಇಳಿಯಿತು. ಮುಂದಿನ ಸೋಮವಾರದಿಂದ ಅಪ್ಪ ಕುದುರೆ ಹತ್ತುವುದೆಂದು ಮಾತಾಯಿತು. ಶುಕ್ರವಾರ ರಾಯರು ನೆಂಟರ ಮದುವೆಗೆಂದು ದುದ್ದಕ್ಕೆ ಹೊರಟರು. ಹೋಗುವಾಗ ನನಗೆ ಹೇಳಿದರು: “ಎರಡು ದಿನ ಬರೀ ನಡ್ಸು. ಬೊಂಬಿನ ತಂಟೆಗೆ ಓಗ್ಬ್ಯಾಡ.”

ಶನಿವಾರ ಸಾಕಮ್ಮ ಬಂದಳು. ಪಕ್ಕದ ಹೊಲದ ಗೌಡರ ಮಗಳು, ನನ್ನ ತರಗತಿಯವಳು. ಕುದುರೆ ಹಾರುವುದನ್ನು ನೋಡಬೇಕೆಂದು ಬಹಳ ದಿನದಿಂದ ಕೇಳುತ್ತಿದ್ದಳು. ಬದುವಿನ ಮೇಲೆ ಕುಳಿತು ಬೊಂಬುಗಳನ್ನು ನೋಡಿ ನಕ್ಕಳು.

“ಇಷ್ಟೇಯಾ? ಇದ್ನ ನಮ್ಮ ಮ್ಯಾಕೆನೂ ಎಗರ್ತದೆ ಕಣೆ.”

ಒಂದು ಡಬ್ಬದ ಮೇಲೆ ಇನ್ನೊಂದು ಡಬ್ಬ ಇಟ್ಟೆ. ಬೊಂಬು ಅದರ ಮೇಲೆ ನಿಲ್ಲದೆ ಉರುಳುತ್ತಿತ್ತು. ಎರಡೂ ಕಡೆ ಗೂಟ ನೆಟ್ಟು ಹಗ್ಗದಿಂದ ಬಿಗಿದು ಕಟ್ಟಿದೆ. ಬೊಂಬು ಸಾಕಮ್ಮನ ಸೊಂಟದ ಮಟ್ಟಕ್ಕೆ ಬಂತು. ಕೆಂಚಿಯನ್ನು ಹೊಂಗೆ ಮರದ ಕಡೆಯಿಂದ ತಿರುಗಿಸಿಕೊಂಡು ಬಂದೆ. ಅದು ಹಿಂಜರಿದದ್ದು ನನಗೆ ತಿಳಿಯಿತು. ಕಿವಿ ಹಿಂದಕ್ಕೆ ಹೋದವು. ನಾನು ಹಿಮ್ಮಡಿಯಿಂದ ಒತ್ತಿದೆ. ನಾನು ಕೇಳಿದೆನೆಂದು ಅದು ಹಾರಿತು.

ಮುಂಗಾಲಿನ ಮಂಡಿಗಳು ಬೊಂಬಿಗೆ ಬಡಿದವು. ಎಂದಿನಂತೆ ಬೊಂಬು ಉರುಳಿ ಬೀಳಲಿಲ್ಲ. ಕೆಂಚಿ ಮಂಡಿಯೂರಿ ಕುಸಿಯಿತು. ನಾನು ಅದರ ತಲೆಯ ಮೇಲಿಂದ ಹಾರಿ ಮುಖಡಿಯಾಗಿ ಬಿದ್ದೆ. ತುಟಿ ಒಡೆಯಿತು. ಎದ್ದು ನೋಡಿದರೆ ಕೆಂಚಿ ಮೂರು ಕಾಲಿನ ಮೇಲೆ ನಿಂತಿತ್ತು. ಬಲಮಂಡಿಯ ಚರ್ಮ ಸುಲಿದು ರಕ್ತ ಗೊರಸಿನವರೆಗೂ ಇಳಿಯುತ್ತಿತ್ತು.

ಸಾಕಮ್ಮ ಕಿರುಚುತ್ತ ಓಡಿ ಅಪ್ಪನನ್ನು ಕರೆತಂದಳು. ಅಪ್ಪ ನನ್ನ ತುಟಿ ನೋಡಿದರು, ಬಾಯಿ ತೆಗೆಸಿ ಹಲ್ಲು ನೋಡಿದರು. ಆಮೇಲೆ ಕುದುರೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಉಪ್ಪುನೀರಿನಿಂದ ಮಂಡಿ ತೊಳೆದು, ಟಿಂಕ್ಚರ್ ಹಚ್ಚಿ, ಬಟ್ಟೆ ಸುತ್ತಿದರು. ಅವರ ಕೈ ನಡುಗುತ್ತಿತ್ತು. ಕೋಪದಿಂದ ಎಂದುಕೊಂಡೆ.

“ಹದಿನೈದು ದಿನ ಇದಕ್ಕೆ ಕೆಲಸ ಇಲ್ಲ,” ಎಂದರು. ಬೈಯಲಿಲ್ಲ.

ಭಾನುವಾರ ಸಂಜೆ ರಾಯರು ಬಂದರು. ಮಂಡಿ ನೋಡಲಿಲ್ಲ. ಮೊದಲು ಹೊಲಕ್ಕೆ ಹೋಗಿ ಹಗ್ಗ ಬಿಚ್ಚಿದರು.

“ಯಾಕೆ ಕಟ್ದೆ ಅಮ್ಮಣ್ಣಿ?”

“ಬೊಂಬು ಬೀಳ್ದೆ ಇರ್ಲಿ ಅಂತ.”

“ಬೀಳ್ಲಿ ಅಂತಾನೇ ಇಟ್ಟಿರೋದು ಕಣವ್ವ ಅದು.”

ರಾಯರು ಹಗ್ಗ ಸುತ್ತಿ ಜೇಬಿಗೆ ಹಾಕಿಕೊಂಡು, ನಾಲ್ಕು ಬೊಂಬುಗಳನ್ನೂ ಮತ್ತೆ ನೆಲದ ಮೇಲೆ ಮಲಗಿಸಿದರು. ನಾಲ್ಕು ದಿನವಾದ ಮೇಲೆ ಕೆಂಚಿಯನ್ನು ಹಗ್ಗ ಹಿಡಿದು ಆ ಬೊಂಬುಗಳ ಹತ್ತಿರ ತಂದರೆ, ಅದು ನಿಂತು ನಡುಗಿತು. ರಾಯರು ಬಲವಂತ ಮಾಡಲಿಲ್ಲ. ಒಂದು ಬೊಂಬನ್ನಷ್ಟೇ ಬಿಟ್ಟು ಉಳಿದವನ್ನು ತೆಗೆದರು. ಕೆಂಚಿ ಅದನ್ನು ಮೂಸಿ ನೋಡಿ ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಹೀಗೆ ಎರಡನೆಯದು, ಮೂರನೆಯದು.

ಪೆಟ್ಟಾಗಿ ಹನ್ನೊಂದನೆಯ ದಿನ ಇರಬೇಕು. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಹೊತ್ತು. ಅರಕಲಗೂಡಿನ ಕಡೆಯ ಒಂದು ಹಳ್ಳಿಯಿಂದ ಒಬ್ಬಾತ ಓಡಿಕೊಂಡು ಬಂದ. ಕಾಲೆಲ್ಲ ಕೆಸರು. ಜಗಲಿಯ ಕೆಳಗೆ ನಿಂತು ಕೈಮುಗಿದ.

“ಸಾ, ನನ್ ತಂಗಿ ನೆನ್ನೆಯಿಂದ ನೋವು ತಿಂತಾವ್ಳೆ. ಸೂಲಗಿತ್ತಿ ನನ್ ಕೈಲಾಗಲ್ಲ ಅಂದ್ಬುಟ್ಳು. ಬ್ಯಾಗ ಬರ್ಬೇಕು ಸಾ.”

ಅಪ್ಪ ಪೆಟ್ಟಿಗೆ ತೆಗೆದುಕೊಂಡು ಬಂದರು. ಬಾಗಿಲಲ್ಲಿ ನಿಂತು ಕೊಟ್ಟಿಗೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಅಮ್ಮನಿಗೆ ಹೇಳಿದರು: “ಕುದುರೆ ಮಂಡಿ ಇನ್ನೂ ಆರಿಲ್ಲ. ಗಾಡಿ ಕಟ್ಟೋಕೆ ಹೇಳು.”

ಗಾಡಿ ಕಟ್ಟುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಆತ ಗಾಡಿಯಲ್ಲಿ ಕೂರಲಾರದೆ ಮುಂದೆ ಮುಂದೆ ನಡೆಯುತ್ತಿದ್ದುದು, ಆಗಾಗ ನಿಂತು ಹಿಂದಿರುಗಿ ನೋಡುತ್ತಿದ್ದುದು ಬೀದಿಯ ತಿರುವಿನವರೆಗೆ ಕಾಣಿಸಿತು. ನಾನು ಆ ದಿನ ಸ್ಕೂಲಿಗೆ ಹೋಗಲಿಲ್ಲ. ಹೊಟ್ಟೆನೋವು ಎಂದು ಹೇಳಿ ಮಲಗಿದೆ.

ಅಪ್ಪ ವಾಪಸು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬಚ್ಚಲಿನ ಬಳಿ ಕೈಗೆ ನೀರು ಹಾಕಿಸಿಕೊಳ್ಳುತ್ತ ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು.

“ಮಗು ಉಳೀತು. ನಾನು ಹೋಗೋ ಹೊತ್ತಿಗೆ ತಾಯಿ ಹೋಗಿದ್ಲು. ಆಗ ತಾನೇ.”

ಅಮ್ಮ ಇನ್ನೊಂದು ಚೊಂಬು ನೀರು ಹಾಕಿದರು. ಅಪ್ಪ ಆ ದಿನ ಊಟ ಮಾಡಲಿಲ್ಲ.

ಆ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕುದುರೆಯ ಮೇಲೆ ನಾಲೆ ದಾಟಿ ಹೋಗಿದ್ದರೆ ಅಪ್ಪ ಎಷ್ಟು ಹೊತ್ತಿಗೆ ಮುಟ್ಟುತ್ತಿದ್ದರು ಎಂಬುದು ಮಾತ್ರ ನನಗೆ ಗೊತ್ತಿತ್ತು. ಯಾರೂ ನನ್ನನ್ನು ದೂರಲಿಲ್ಲ. ಕೆಂಚಿಯ ಮಂಡಿಯನ್ನೂ ಆ ಸಾವನ್ನೂ ಯಾರೂ ಜೋಡಿಸಿದಂತೆಯೇ ಕಾಣಲಿಲ್ಲ. ನಾನು ಒಬ್ಬಳೇ ಜೋಡಿಸಿಕೊಂಡೆ.

ಮಾರನೆಯ ಬೆಳಿಗ್ಗೆ, ಯಾರೂ ಕರೆಯದೆ, ಅಪ್ಪ ಬರಿಗಾಲಲ್ಲಿ ಹೊಲಕ್ಕೆ ಬಂದರು.

“ರಾಯರೇ, ನಾನು ಹತ್ತೀನಿ.”

ರಾಯರು ಅವರ ಮುಖ ನೋಡಿ, ಕಂಬಳಿಯ ಪಟ್ಟಿ ಬಿಗಿದರು. “ಹತ್ತಿ,” ಎಂದರು.

ಅಪ್ಪ ಲಗಾಮನ್ನು ಬಿಗಿಯಾಗಿ ಎದೆಗೆ ಎಳೆದುಕೊಂಡು ಕುಳಿತರು. ಕೆಂಚಿ ತಲೆ ಮೇಲೆತ್ತಿ, ನೆಲ ಕಾಣದೆ, ಮೊದಲನೆಯ ಬೊಂಬಿಗೇ ಎಡವಿತು. ಅಪ್ಪನ ಮುಖ ಬೆಳ್ಳಗಾಯಿತು. ರಾಯರು ನನ್ನ ಕಡೆ ತಿರುಗಿದರು.

“ಅಮ್ಮಣ್ಣಿ, ನಿಮ್ಮಪ್ಪಾರ್ಗೆ ನೀನೇ ಹೇಳು. ನಾ ಹೇಳುದ್ರೆ ಉಬ್ಬಸ ಬತ್ತದೆ.”

ನಾನು ಕುದುರೆಯ ಪಕ್ಕದಲ್ಲಿ ನಡೆಯುತ್ತ ಹೇಳಿದೆ. “ಅಪ್ಪಾ, ಅದರ ಬಾಯಿ ಎಳೀಬೇಡಿ. ಕತ್ತಿಗೆ ಜಾಗ ಬಿಡಿ. ಜೂಲು ಹಿಡ್ಕೊಳ್ಳಿ. ಆ ಹೊಂಗೆ ಮರ ನೋಡಿ.”

“ಬಿದ್ರೆ?” ಎಂದರು ಅಪ್ಪ. ಅವರು ತಮಾಷೆಗೆ ಕೇಳಿರಲಿಲ್ಲ.

“ಬೀಳಲ್ಲ. ಅದಕ್ಕೆ ಗೊತ್ತು.”

ಅವರ ಬೆರಳುಗಳು ಒಂದೊಂದಾಗಿ ಲಗಾಮು ಬಿಟ್ಟವು. ಆ ದಿನ ಹನ್ನೆರಡು ಸಲ ಬೊಂಬುಗಳನ್ನು ದಾಟಿದೆವು, ಅಪ್ಪ ಮೇಲೆ, ನಾನು ಪಕ್ಕದಲ್ಲಿ. ಬೆಳಗಿನ ತಂಪು ಇನ್ನೂ ಇತ್ತು, ಆದರೂ ಅಪ್ಪನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಯುಗಾದಿಯ ಹೊತ್ತಿಗೆ ಅವರು ಒಂದೂವರೆ ಗೇಣು ಹಾರುತ್ತಿದ್ದರು. ಯುಗಾದಿಯ ಮಾರನೆಯ ವಾರ ನಾಲೆ ದಾಟಿ ಮೊದಲ ಸಲ ಹಳ್ಳಿಗೆ ಹೋಗಿ ಬಂದು, ಕುದುರೆಯಿಂದ ಇಳಿಯುತ್ತ ರಾಯರಿಗೆ ಹೇಳಿದ್ದು ಒಂದೇ ಮಾತು: “ಎಡವಲಿಲ್ಲ.”

ಅಲ್ಲಿಂದ ಮುಂದೆ ಕೆಂಚಿ ಎಡವಲೇ ಇಲ್ಲ. ನಾಲ್ಕು ವರ್ಷ ಅಪ್ಪನನ್ನು ಹೊತ್ತು ಆ ಹಳ್ಳಿಗಳನ್ನೆಲ್ಲ ತಿರುಗಿತು. ನನ್ನ ಸವಾರಿ ಆ ಯುಗಾದಿಗೇ ಮುಗಿಯಿತು. ಯುದ್ಧ ನಿಂತು ಪೆಟ್ರೋಲು ಬಂತು. ನಾವು ಹಾಸನಕ್ಕೆ ಹೋದೆವು. ಅಪ್ಪ ಕೆಂಚಿಯನ್ನು ರಾಯರಿಗೇ ಬಿಟ್ಟು ಬಂದರು. ಎರಡು ಮೂರು ವರ್ಷದ ಅಂತರದಲ್ಲಿ ರಾಯರೂ ಕೆಂಚಿಯೂ ಹೋದ ಸುದ್ದಿ ಪತ್ರದಲ್ಲಿ ಬಂತು.

ಆ ಹೆಂಗಸು ಸತ್ತ ದಿನದ ಮಾರನೆಯ ಸಂಜೆಯಿಂದ ನಾನು ಔಷಧದ ಅಂಗಡಿಗೆ ಹೋಗುವುದನ್ನು ಬಿಟ್ಟೆ. ಅಪ್ಪನ ಎದುರು ಒಬ್ಬಳೇ ಕೂರಲು ನನಗೆ ಆಗುತ್ತಿರಲಿಲ್ಲ. ಹೊಲದಲ್ಲಿ ಕುದುರೆ ಇತ್ತು, ರಾಯರಿದ್ದರು. ಅಂಗಡಿಯಲ್ಲಿ ನಾವಿಬ್ಬರೇ. ಯಾಕೆ ಬರುತ್ತಿಲ್ಲ ಎಂದು ಅಪ್ಪ ಕೇಳಿಯಾರೆಂದು ಹೆದರಿದ್ದೆ. ಅವರು ಕೇಳಲಿಲ್ಲ. ಡೋಸಿನ ಕಾಗದವನ್ನು ತಾವೇ ಕತ್ತರಿಸಿಕೊಂಡರು. ಮಗಳು ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ. ಆಮೇಲೆ ಓದು, ಮದುವೆ, ಮಕ್ಕಳು. ಊರಿಗೆ ಹೋದಾಗ ಅಪ್ಪ ಚೆನ್ನಾಗಿದ್ದೀಯಾ ಎಂದು ಕೇಳುವರು, ಚೆನ್ನಾಗಿದ್ದೀನಿ ಎಂದು ನಾನು ಹೇಳುವೆನು.

ಅಪ್ಪನಿಗೆ ಎಪ್ಪತ್ತು ದಾಟಿದ ಒಂದು ಮಾಗಿಯಲ್ಲಿ, ಹಾಸನದ ಮನೆಯ ಹಿತ್ತಲಲ್ಲಿ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕುಳಿತಿದ್ದೆವು. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಅವರೆಯ ಸೊಗಡು ಕೈಗೆಲ್ಲ ಹತ್ತಿತ್ತು. ಯಾಕೆ ಅವತ್ತೇ ಹೇಳಿದೆನೋ ತಿಳಿಯದು. ಕೆಂಚಿಯ ಮಂಡಿ, ನಾನು ಕಟ್ಟಿದ ಹಗ್ಗ, ಆ ಹೆಂಗಸು, ಎಲ್ಲವನ್ನೂ ಹೇಳಿದೆ. “ನನ್ನಿಂದ ಅಪ್ಪಾ,” ಎಂದೆ.

ಅಪ್ಪ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಿಡಿದುಕೊಂಡರು.

“ಅವತ್ತು ಬೆಳಿಗ್ಗೆ ಹಾಲು ಕರೆಯೋ ಹೊತ್ತಿಗೆ ರಾಯರು ಬಂದು ಹೇಳಿ ಹೋಗಿದ್ರು, ಮಂಡಿ ಆರಿದೆ, ಇವತ್ತಿನಿಂದ ನೀವು ಹತ್ತಬಹುದು ಅಂತ. ಬಟ್ಟೆ ಬಿಚ್ಚಿ ನಾನೇ ನೋಡಿದ್ದೆ. ಆರಿತ್ತು.”

ನನಗೆ ಅರ್ಥವಾಗಲಿಲ್ಲ.

“ನಂಗೆ ಭಯ ಆಯ್ತು ಗಿರಿಜಾ. ಬಿದ್ದಾಗಿನಿಂದ ಆ ಪ್ರಾಣಿ ಹತ್ತಿರ ಹೋದ್ರೆ ಕೈ ನಡುಗೋದು. ಆತ ಬಂದು ನಿಂತಾಗ ಮಂಡಿ ಅಂದುಬಿಟ್ಟೆ. ನೀನು ಅಲ್ಲೇ ಬಾಗಿಲ ಹತ್ತಿರ ಇದ್ದೆ. ನಿಂಗೆ ಗೊತ್ತಾಗಿದೆ ಅಂದುಕೊಂಡೆ. ಅದಕ್ಕೇ ನೀನು ಅಂಗಡಿಗೆ ಬರೋದು ಬಿಟ್ಟೆ ಅಂತ...”

ಅಪ್ಪ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು. ನಾನೂ ಇನ್ನೊಂದು ಕಾಯಿ ತೆಗೆದುಕೊಂಡೆ.

ಅದಾದ ಮೇಲೆ ಅಪ್ಪ ಎರಡು ವರ್ಷ ಇದ್ದರು. ಆ ಎರಡು ವರ್ಷದಲ್ಲಿ ತಮ್ಮ ಓದಿನ ದಿನಗಳು, ಪ್ಲೇಗಿನ ವರ್ಷಗಳು, ಅಮ್ಮನನ್ನು ನೋಡಲು ಹೋದಾಗ ಏನಾಯಿತು, ಏನೇನೋ ಹೇಳಿದರು. ನಾನೂ ಹೇಳಿದೆ. ಅದಕ್ಕೆ ಮುಂಚಿನ ಮೂವತ್ತು ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೂ ಅಷ್ಟಾಗುವುದಿಲ್ಲ. ನಮ್ಮ ನಡುವೆ ಎಷ್ಟು ಕಳೆದುಹೋಯಿತು ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಮೂವತ್ತು ವರ್ಷ. ಹತ್ತು ವರ್ಷದ ಹುಡುಗಿಯೊಬ್ಬಳು ಮಾರನೆಯ ಸಂಜೆ ಆ ಅಂಗಡಿಯ ಮೆಟ್ಟಿಲು ಹತ್ತಿ ಹೋಗಿ ನನ್ನಿಂದಲೇನಪ್ಪಾ ಎಂದು ಒಂದು ಮಾತು ಕೇಳಿದ್ದರೆ, ಆ ವರ್ಷಗಳು ಉಳಿಯುತ್ತಿದ್ದವು.